ಗೃಹಲಕ್ಷ್ಮಿ: ದುಡ್ಡಿಗೆ ಐದಕ್ಕೆ ನಾಲ್ಕು, ದುಡ್ಡು ಬರುವ ದಾರಿಗೆ ಎರಡು

ಮನೆಯ ಯಜಮಾನಿಯ ಖಾತೆಗೆ ತಿಂಗಳ ಹಣ ಹಾಕುವ ಕರ್ನಾಟಕ ಸರ್ಕಾರದ ಗೃಹಲಕ್ಷ್ಮಿ ಯೋಜನೆಯನ್ನು ರಾಜಕೀಯದ ಕಣ್ಣಿಂದ ಹೊಗಳಿದ್ದೂ ಆಗಿದೆ, ತೆಗಳಿದ್ದೂ ಆಗಿದೆ. ಇಲ್ಲಿ ಅದನ್ನು ಒಂದು ಸೇವೆಯೆಂದಷ್ಟೇ ನೋಡಿದ್ದೇವೆ. ಅರ್ಜಿ ಹಾಕುವುದು ಸಲೀಸೇ, ದುಡ್ಡು ಹೇಳಿದ ಹೊತ್ತಿಗೆ ಬೀಳುತ್ತದೆಯೇ, ಬೀಳದಿದ್ದರೆ ಯಾರನ್ನು ಕೇಳಬೇಕು, ಕೇಳಿದವರಿಗೆ ಉತ್ತರ ಸಿಗುತ್ತದೆಯೇ ಎಂಬುದಷ್ಟೇ ನಮ್ಮ ಲೆಕ್ಕ.

ಮೊತ್ತದ ಬಗ್ಗೆ ದೂರು ಕಡಿಮೆ. ತಿಂಗಳಿಗೆ 2,000 ರೂಪಾಯಿ, ವರ್ಷಕ್ಕೆ 24,000. 2023ರ ಜುಲೈ 19ಕ್ಕೆ ನೋಂದಣಿ ತೆರೆಯಿತು, ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಸಿಕ್ಕಿತು. ಅದೇ ವರ್ಷ, ಹೀಗೆಯೇ ಹೆಂಗಸರಿಗೆ ತಿಂಗಳ ಹಣ ಕೊಡುವ ತಮಿಳುನಾಡಿನ ಮಗಳಿರ್ ಉರಿಮೈ ತೊಗೈಯೂ ಮಧ್ಯಪ್ರದೇಶದ ಲಾಡ್ಲಿ ಬೆಹನಾವೂ ಶುರುವಾದದ್ದು 1,000 ರೂಪಾಯಿಯಿಂದ. ಕೇಂದ್ರ ಸರ್ಕಾರ ವೃದ್ಧಾಪ್ಯ ವೇತನಕ್ಕೆಂದು 60ರಿಂದ 79 ವರ್ಷದವರಿಗೆ ಕೊಡುವ ಪಾಲು 200 ರೂಪಾಯಿ. ಅದು ಒಂದೂವರೆ ದಶಕ ಕಳೆದರೂ ಅಲ್ಲಾಡಿಲ್ಲ. ಗೃಹಲಕ್ಷ್ಮಿಗೆ 2024-25ರ ಬಜೆಟ್ಟಿನಲ್ಲಿ ಇಟ್ಟದ್ದು 28,608 ಕೋಟಿ ರೂಪಾಯಿ. 24,000ದಿಂದ ಭಾಗಿಸಿದರೆ ಸುಮಾರು 1.19 ಕೋಟಿ ಮನೆಗಳಿಗೆ ಸಾಕಾಗುವ ಹಣ. ಬೆಲೆ ಏರಿದಂತೆ ಮೊತ್ತ ಏರುವ ಏರ್ಪಾಡು ಇಲ್ಲದ್ದರಿಂದ ಒಂದು ಅಂಕ ಕಳೆದಿದ್ದೇವೆ.

ವಿನ್ಯಾಸದಲ್ಲಿ ಒಂದು ಜಾಣತನವಿದೆ, ಅದನ್ನು ಗಮನಿಸಿದವರು ಕಡಿಮೆ. ಬಡತನದ ಪರೀಕ್ಷೆ ಇಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಂತ್ಯೋದಯ, ಬಿಪಿಎಲ್, ಎಪಿಎಲ್ ಮೂರೂ ಕಾರ್ಡಿಗೆ ಹಣ ಉಂಟು. ಯಜಮಾನಿ ಅಥವಾ ಅವರ ಗಂಡ ಆದಾಯ ತೆರಿಗೆ ಕಟ್ಟುವವರೋ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರೋ ಆಗಿದ್ದರೆ ಮಾತ್ರ ಇಲ್ಲ. ವರ್ಷಕ್ಕೆ 1.20 ಲಕ್ಷದ ಆದಾಯ ಮಿತಿ ದಾಟಿತೆಂದು ಬಿಪಿಎಲ್ ಕಾರ್ಡನ್ನು ಎಪಿಎಲ್‌ಗೆ ಬದಲಿಸಿದರೆ ಅಕ್ಕಿ ನಿಲ್ಲುತ್ತದೆ, ಈ 2,000 ನಿಲ್ಲುವುದಿಲ್ಲ. ಬಡವರನ್ನು ಹೆಕ್ಕಿ ತೆಗೆಯುವ ಜರಡಿ ಸಣ್ಣದಾದಷ್ಟೂ ನಿಜವಾದ ಬಡವರೇ ಅದರಲ್ಲಿ ಸಿಕ್ಕಿಕೊಳ್ಳುತ್ತಾರೆ. ಆ ತಪ್ಪನ್ನು ಇಲ್ಲಿ ಬಹುಮಟ್ಟಿಗೆ ತಪ್ಪಿಸಲಾಗಿದೆ.

ಹಾಗಿದ್ದೂ ಎಷ್ಟೋ ಮನೆಗಳಲ್ಲಿ ಕಂತು ನಿಂತುಹೋಗುತ್ತದೆ. ಹಣ ಕೊಡುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ. ಆದರೆ ಹಣ ಯಾರಿಗೆ, ಎಲ್ಲಿಗೆ ಎಂದು ತೀರ್ಮಾನಿಸುವ ಒಂದು ಪಟ್ಟಿಯೂ ಆ ಇಲಾಖೆಯದಲ್ಲ. ಯಜಮಾನಿ ಯಾರೆಂದು ಹೇಳುವುದು ಆಹಾರ ಇಲಾಖೆಯ ರೇಷನ್ ಕಾರ್ಡ್. ಯಾವ ಬ್ಯಾಂಕಿಗೆ ಹೋಗಬೇಕೆಂದು ಹೇಳುವುದು ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಆಧಾರ್ ಮ್ಯಾಪರ್, ಅಂದರೆ ಯಾವ ಆಧಾರ್‌ಗೆ ಯಾವ ಬ್ಯಾಂಕು ಎಂಬ ಪಟ್ಟಿ. ಅನರ್ಹರು ಯಾರೆಂದು ಹೇಳುವುದು ತೆರಿಗೆ ಇಲಾಖೆಗಳ ದತ್ತಾಂಶ. ಎಲ್ಲೋ ಒಂದು ಕಡೆ ಅಕ್ಷರ ತಪ್ಪಿದರೆ ಅಂಗನವಾಡಿ ಕಾರ್ಯಕರ್ತೆಯ ಮನೆ ಮುಂದೆ ಜನ ನಿಲ್ಲುತ್ತಾರೆ, ಅವರ ಕೈಯಲ್ಲಿ ಸರಿಪಡಿಸುವ ಅಧಿಕಾರವೇ ಇರುವುದಿಲ್ಲ.

ಕಂತು ಬಾರದವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ ಗ್ರಾಮ ಒನ್‌ಗೆ ಹೋಗಿ ಮತ್ತೊಂದು ಅರ್ಜಿ ಹಾಕಲು ನೋಡುವುದು. ಅದರಿಂದ ಪ್ರಯೋಜನವಿಲ್ಲ. ಒಂದು ಕಂತಾದರೂ ಬಂದು ನಿಂತಿದ್ದರೆ ದೋಷ ಅರ್ಜಿಯಲ್ಲಿ ಇರುವ ಸಾಧ್ಯತೆ ತೀರಾ ಕಡಿಮೆ. ಮೊದಲು ‘ಡಿಬಿಟಿ ಕರ್ನಾಟಕ’ ಆ್ಯಪ್ ತೆರೆದು ಯಜಮಾನಿಯ ಆಧಾರ್ ಸಂಖ್ಯೆ, ಒಟಿಪಿ ಕೊಟ್ಟು ಒಳಗೆ ಹೋಗಿ. ಯಾವ ಯೋಜನೆಯ ಹಣ, ಯಾವ ತಾರೀಖು, ಯಾವ ಬ್ಯಾಂಕಿಗೆ ಎಂದು ಅಲ್ಲಿ ಕಾಣುತ್ತದೆ. ಹಣ ಜಮೆಯಾಗಿದೆಯೆಂದು ಆ್ಯಪ್ ತೋರಿಸಿ, ಪಾಸ್‌ಬುಕ್ಕಿನಲ್ಲಿ ಇಲ್ಲವಾದರೆ ಹಣ ಬೇರೆ ಖಾತೆಗೆ ಹೋಗಿದೆಯೆಂದೇ ಅರ್ಥ.

ಈ ‘ಬೇರೆ ಖಾತೆ’ ಎಲ್ಲಕ್ಕಿಂತ ದೊಡ್ಡ ಗೋಜಲು. ಖಾತೆಗೆ ಆಧಾರ್ ಜೋಡಿಸುವುದು ಒಂದು, ಎನ್‌ಪಿಸಿಐ ಮ್ಯಾಪರ್‌ನಲ್ಲಿ ಸೀಡ್ ಮಾಡುವುದು, ಅಂದರೆ ಸರ್ಕಾರದ ಹಣ ಈ ಬ್ಯಾಂಕಿಗೇ ಬರಲಿ ಎಂದು ದಾಖಲಿಸುವುದು, ಇನ್ನೊಂದು. ನಾಲ್ಕು ಬ್ಯಾಂಕಿನ ಖಾತೆಗೆ ಆಧಾರ್ ಕೊಟ್ಟಿರಬಹುದು, ಆದರೆ ಮ್ಯಾಪರ್‌ನಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕು. ಕೊನೆಗೆ ಸೀಡ್ ಆದದ್ದೇ ಉಳಿಯುತ್ತದೆ. ಸಂಘದ ಸಾಲಕ್ಕೆಂದೋ ಮಗುವಿನ ವಿದ್ಯಾರ್ಥಿವೇತನಕ್ಕೆಂದೋ ಹೊಸ ಖಾತೆ ತೆರೆಯುವಾಗ ಫಾರಂನ ಕೆಳಗಿನ ಒಪ್ಪಿಗೆಯ ಚೌಕಕ್ಕೆ ಗುರುತು ಬಿದ್ದರೆ ಸಾಕು, ಮುಂದಿನ ಕಂತು ಅಲ್ಲಿಗೆ ಹರಿಯುತ್ತದೆ. 2017ರಲ್ಲಿ ಮೊಬೈಲ್ ಕಂಪನಿಯೊಂದು ಸಿಮ್‌ಗೆ ಆಧಾರ್ ದೃಢೀಕರಣ ಮಾಡುವ ನೆಪದಲ್ಲಿ ತನ್ನದೇ ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆ ತೆರೆದು, ಗ್ರಾಹಕರಿಗೆ ತಿಳಿಯದ ಹಾಗೆ ಅಡುಗೆ ಅನಿಲದ ಸಬ್ಸಿಡಿ ಅಲ್ಲಿಗೆ ಹೋದದ್ದು ದೇಶಕ್ಕೆಲ್ಲ ಗೊತ್ತಾದ ಪ್ರಕರಣ. ಆಗ ಕಲಿತ ಪಾಠ ಫಾರಂಗಳಿಗೆ ಇಳಿಯಿತು, ಕೌಂಟರಿನ ಆಚೆಗಿರುವ ಯಜಮಾನಿಯ ತನಕ ಬರಲಿಲ್ಲ.

ನೋಡುವ ಬಗೆ ಸುಲಭ. ಮೈಆಧಾರ್ ಜಾಲತಾಣಕ್ಕೆ ಹೋಗಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಒತ್ತಿದರೆ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ, ಸಕ್ರಿಯವೋ ಅಲ್ಲವೋ ಎಂಬುದು ಬರುತ್ತದೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರು ಚಾಲ್ತಿಯಲ್ಲಿರಬೇಕು. ಹಳೆಯ ಸಿಮ್ ಎಸೆದಿದ್ದರೆ ಮೊದಲು ಆಧಾರ್ ಕೇಂದ್ರದಲ್ಲಿ ನಂಬರು ಬದಲಿಸಿ, ಇಲ್ಲವಾದರೆ ಯಾವ ಒಟಿಪಿಯೂ ಬಾರದು. ಬ್ಯಾಂಕು ಬದಲಿಸಬೇಕಿದ್ದರೆ ಹಣ ಬೇಕಾದ ಬ್ಯಾಂಕಿಗೇ ಹೋಗಿ ಆಧಾರ್ ಸೀಡಿಂಗ್ ಒಪ್ಪಿಗೆ ಪತ್ರ ಕೇಳಿ. ಅದರಲ್ಲಿ ಹಳೆಯ ಬ್ಯಾಂಕಿನಿಂದ ಇಲ್ಲಿಗೆ ವರ್ಗಾಯಿಸಿ ಎಂಬ ಆಯ್ಕೆಗೆ ಗುರುತು ಹಾಕಿ ಹಳೆಯ ಬ್ಯಾಂಕಿನ ಹೆಸರು ಬರೆಯಬೇಕು. ಇದನ್ನು ಖಾಲಿ ಬಿಟ್ಟರೆ ಕೋರಿಕೆ ತಿರಸ್ಕೃತವಾಗುವುದುಂಟು. ‘ಲಿಂಕ್ ಆಗಿದೆ ಹೋಗಮ್ಮ’ ಎಂದು ಕೌಂಟರಿನಲ್ಲಿ ಹೇಳಿದ ಮಾತನ್ನು ನಂಬದೆ, ಒಂದೆರಡು ವಾರ ಬಿಟ್ಟು ಮತ್ತೆ ಜಾಲತಾಣದಲ್ಲೇ ನೋಡಿ.

ಸೀಡಿಂಗ್ ಸರಿಯಿದ್ದೂ ಹಣ ವಾಪಸಾಗುವುದು ಖಾತೆಯೇ ಮಲಗಿದ್ದಾಗ. ಎರಡು ವರ್ಷ ಗ್ರಾಹಕರ ಕಡೆಯಿಂದ ವ್ಯವಹಾರ ನಡೆಯದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಸರ್ಕಾರಿ ಯೋಜನೆಗೆಂದು ತೆರೆದ ಶೂನ್ಯ ಶಿಲ್ಕಿನ ಖಾತೆಗಳಿಗೆ ಇದನ್ನು ಅನ್ವಯಿಸಬಾರದೆಂಬ ರಿಸರ್ವ್ ಬ್ಯಾಂಕಿನ ಸೂಚನೆ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಶಾಖೆಯಲ್ಲಿ ಗೊತ್ತಿಲ್ಲವೆಂದರೆ ನೆನಪಿಸಿ. ಇನ್ನೊಂದು ಕಾರಣ ಕೆವೈಸಿ. ಜನಧನ ಖಾತೆಗಳು ತೆರೆಯಲು ಶುರುವಾದದ್ದು 2014ರ ಆಗಸ್ಟಿನಲ್ಲಿ. ಹತ್ತು ವರ್ಷಕ್ಕೊಮ್ಮೆ ಕೆವೈಸಿ ಹೊಸದು ಮಾಡಬೇಕಾದ್ದರಿಂದ ಆ ಕಾಲದ ಖಾತೆಗಳೆಲ್ಲ ಈಗ ಒಟ್ಟಿಗೆ ಬಾಗಿಲಿಗೆ ಬಂದಿವೆ. ವಿಳಾಸ ಬದಲಾಗದಿದ್ದರೆ ಸ್ವಯಂ ಘೋಷಣೆ ಸಾಕು.

ರೇಷನ್ ಕಾರ್ಡಿನ ತೊಡಕು ಬೇರೆ ಬಗೆಯದು. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮನೆಯಲ್ಲಿ 18 ದಾಟಿದ ಹಿರಿಯ ಹೆಂಗಸೇ ಕಾರ್ಡಿನ ಮುಖ್ಯಸ್ಥೆ. ಕಾರ್ಡಿಗೆ ಒಬ್ಬರಿಗೇ ಹಣ. ಹೀಗಾಗಿ ದುಡ್ಡು ಅತ್ತೆಗೋ ಸೊಸೆಗೋ ಎಂಬ ಜಗಳ ಮೊದಲ ತಿಂಗಳಲ್ಲೇ ಎದ್ದಿತು. ಕಾಯ್ದೆ ಅತ್ತೆಯ ಕಡೆಗಿದೆ, ಒಲೆಯ ಮುಂದೆ ನಿಲ್ಲುವವಳು ಸೊಸೆ. ಇದಕ್ಕೆ ಇಲಾಖೆಯ ಬಳಿ ಮದ್ದಿಲ್ಲ, ಇರಬೇಕೆಂದು ಬಯಸುವುದೂ ಸರಿಯಲ್ಲ. ಆದರೆ ಹೆಸರಿನ ತಪ್ಪಿಗೆ ಮದ್ದು ಇರಲೇಬೇಕಿತ್ತು. ಕಾರ್ಡಿನಲ್ಲಿ ಲಕ್ಷ್ಮವ್ವ, ಆಧಾರ್‌ನಲ್ಲಿ ಲಕ್ಷ್ಮೀಬಾಯಿ ಎಂದಿದ್ದರೆ ತಾಳೆಯಾಗದು. ತಿದ್ದುಪಡಿಯ ತಂತ್ರಾಂಶವೋ ಕೆಲವು ದಿನ ತೆರೆದು ಮುಚ್ಚುತ್ತದೆ, ತೆರೆದ ದಿನ ಎಲ್ಲರೂ ನುಗ್ಗಿ ಸರ್ವರ್ ಕೂರುತ್ತದೆ. ಆಧಾರ್ ತಿದ್ದುಪಡಿಗೆ ಹೀಗೆ ದಿನ ಕಾಯಬೇಕಿಲ್ಲವಾದ್ದರಿಂದ, ಶಾಲೆ ಅಥವಾ ಜಮೀನಿನ ದಾಖಲೆಗಳೂ ಕಾರ್ಡಿನ ಹೆಸರನ್ನೇ ಹೇಳುತ್ತಿದ್ದರೆ ಆಧಾರ್‌ನಲ್ಲೇ ತಿದ್ದಿಸುವುದು ಬೇಗ ಆಗುವ ಕೆಲಸ. ಎರಡನ್ನೂ ಒಟ್ಟಿಗೆ ತಿದ್ದಲು ಹೋದರೆ ಮತ್ತೆ ತಾಳೆ ತಪ್ಪುತ್ತದೆ. ಮನೆಯ ಎಲ್ಲ ಸದಸ್ಯರ ಇ-ಕೆವೈಸಿ ನ್ಯಾಯಬೆಲೆ ಅಂಗಡಿಯ ಯಂತ್ರದಲ್ಲಿ ಆಗಿದೆಯೇ ಎಂದೂ ವಿಚಾರಿಸಿಕೊಳ್ಳಿ.

ತೆರಿಗೆಯ ಕಾರಣಕ್ಕೆ ಕೈಬಿಟ್ಟವರ ಪಾಡು ಎಲ್ಲಕ್ಕಿಂತ ಕಷ್ಟ. ಗಂಡ ಎಂದೋ ಮುಚ್ಚಿದ ಅಂಗಡಿಯ ಜಿಎಸ್‌ಟಿ ನೋಂದಣಿ ರದ್ದಾಗದೆ ಉಳಿದಿರಬಹುದು, ವಾಹನ ಸಾಲಕ್ಕೆಂದು ಯಾರೋ ಸಲಹೆ ಕೊಟ್ಟು ಶೂನ್ಯ ತೆರಿಗೆಯ ರಿಟರ್ನ್ ಹಾಕಿಸಿರಬಹುದು. ಯಾವ ದಾಖಲೆಯ ಆಧಾರದ ಮೇಲೆ ಹೆಸರು ಬಿಟ್ಟಿತೆಂದು ಯಜಮಾನಿಗೆ ಲಿಖಿತವಾಗಿ ಬರುವುದಿಲ್ಲ. ಕಾರಣ ಗೊತ್ತಿಲ್ಲದೆ ಮೇಲ್ಮನವಿ ಬರೆಯುವುದಾದರೂ ಹೇಗೆ? ತಮಿಳುನಾಡು ಇದನ್ನು ಚೆನ್ನಾಗಿ ನಿಭಾಯಿಸಿತು: ಅರ್ಜಿ ತಿರಸ್ಕೃತವಾದವರ ಮೊಬೈಲಿಗೆ ಕಾರಣ ಬಂತು, ಇ-ಸೇವೈ ಮೂಲಕ 30 ದಿನದೊಳಗೆ ಮೇಲ್ಮನವಿಗೆ ಅವಕಾಶವಿತ್ತು, ಅದನ್ನು ನೋಡುವ ಅಧಿಕಾರಿ ಯಾರೆಂಬುದೂ ಗೊತ್ತಿತ್ತು. ನಮ್ಮಲ್ಲಿ ಸದ್ಯಕ್ಕೆ ಮಾಡಬಹುದಾದದ್ದು, ರದ್ದಾದ ಜಿಎಸ್‌ಟಿ ನೋಂದಣಿಯ ಆದೇಶದ ಪ್ರತಿ ಅಥವಾ ತೆರಿಗೆ ಕಟ್ಟಿಲ್ಲವೆಂದು ತೋರಿಸುವ ದಾಖಲೆ ಇಟ್ಟು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಅಂದರೆ ಸಿಡಿಪಿಒಗೆ, ಅರ್ಜಿ ಕೊಡುವುದು. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಯಾವ ಯಾವ ತಿಂಗಳ ಕಂತು ಬಂದಿಲ್ಲ ಎಂದು ಹೆಸರಿಸಿ ಬರೆಯಿರಿ. ದೋಷ ಸರಿಯಾದ ಮೇಲೆ ಹಳೆ ಬಾಕಿ ತಾನಾಗಿ ಬರುತ್ತದೆಂದು ನೆಚ್ಚುವಂತಿಲ್ಲ. 1902 ಸಹಾಯವಾಣಿ ಮಾಹಿತಿಗೆ ಸರಿ, ದೂರಿಗೆ ಕಾಗದವೇ ಗಟ್ಟಿ. ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ‘ಸಕಾಲ’ ಯೋಜನೆಯ ಸ್ವೀಕೃತಿಯಲ್ಲಿ 15 ಅಂಕಿಯ ಸಂಖ್ಯೆ ಇರುತ್ತದೆ, ಗಡುವು ಇರುತ್ತದೆ, ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರವೂ ಇರುತ್ತದೆ. ಕಂತು ನಿಂತ ದೂರಿಗೂ ಅಂಥದೇ ಚೀಟಿ ಸಿಗುವಂತಾದರೆ ನಮ್ಮ ಅಂಕ ಎರಡರಿಂದ ಮೂರಕ್ಕೆ ಏರುತ್ತದೆ.

ದಾಖಲೆ ಎಲ್ಲ ನೆಟ್ಟಗಿದ್ದವರಿಗೂ ಒಂದು ಕೊರಗು ಉಳಿದೇ ಇದೆ: ಕಂತಿಗೆ ತಾರೀಖಿಲ್ಲ. ಕೆಲವೊಮ್ಮೆ ತಿಂಗಳುಗಟ್ಟಲೆ ಬಾಕಿ ಉಳಿದು ಆಮೇಲೆ ಒಂದರ ಹಿಂದೊಂದು ಬೀಳುತ್ತದೆ. ಒಟ್ಟು ಮೊತ್ತ ಅಷ್ಟೇ ಆದರೂ ಸಂಸಾರಕ್ಕೆ ಅದು ಒಂದೇ ಅಲ್ಲ. ಸಂಘದ ಕಂತು ವಾರಕ್ಕೊಮ್ಮೆ ಕಟ್ಟಬೇಕು, ಅಂಗಡಿಯ ಉದ್ದರಿ ತಿಂಗಳ ಕೊನೆಗೆ ತೀರಬೇಕು. ಇಂಥ ದಿನ ಬರುತ್ತದೆಂದು ಗೊತ್ತಿಲ್ಲದ ದುಡ್ಡನ್ನು ನಂಬಿ ಯಾರೂ ಬಡ್ಡಿ ಸಾಲ ಬಿಡಲಾರರು. ಬಡ ಕುಟುಂಬಗಳಿಗೆ ನಗದು ಕೊಡುವ ಬ್ರೆಜಿಲ್‌ನ ಬೋಲ್ಸಾ ಫಮೀಲಿಯಾ ಯೋಜನೆ ಶುರುವಾದದ್ದು 2003ರಲ್ಲಿ. ಅಲ್ಲಿ ಇಡೀ ವರ್ಷದ ಪಾವತಿ ಪಂಚಾಂಗ ಮೊದಲೇ ಪ್ರಕಟವಾಗುತ್ತದೆ. ಫಲಾನುಭವಿಯ ಗುರುತಿನ ಸಂಖ್ಯೆಯ ಕೊನೆಯ ಅಂಕಿ ನೋಡಿ, ಸಾಮಾನ್ಯವಾಗಿ ತಿಂಗಳ ಕೊನೆಯ ಹತ್ತು ಕೆಲಸದ ದಿನಗಳಲ್ಲಿ ಹಂಚಿ ಹಾಕುತ್ತಾರೆ. ಬ್ಯಾಂಕಿನ ಮುಂದೆ ಸಾಲೂ ಕಮ್ಮಿ, ‘ದುಡ್ಡು ಬಿತ್ತಾ?’ ಎಂದು ದಿನಾ ಕೇಳುವ ಪಾಡೂ ಇಲ್ಲ. ಇದಕ್ಕೆ ಹೊಸ ತಂತ್ರಜ್ಞಾನ ಬೇಡ, ಖಜಾನೆಯಿಂದ ಹಣ ಬಿಡುಗಡೆಗೆ ಮೊದಲೇ ದಿನ ಕಟ್ಟಿಕೊಳ್ಳುವ ಮನಸ್ಸು ಬೇಕು.

ಹಣ ಬಿದ್ದ ಮೇಲೆ ತೆಗೆಯುವಾಗಿನ ಎರಡು ಎಚ್ಚರಿಕೆ. ಬ್ಯಾಂಕ್ ಮಿತ್ರರ ಬಳಿ ಹೆಬ್ಬೆಟ್ಟೊತ್ತಿ ತೆಗೆದರೆ ಗ್ರಾಹಕರು ಕಮಿಷನ್ ಕೊಡಬೇಕಿಲ್ಲ, 2,000ಕ್ಕೆ 2,000 ಕೇಳಿ ಪಡೆಯಿರಿ, ರಸೀದಿ ಬಿಡಬೇಡಿ. ‘ಫೇಲ್ ಆಯ್ತು, ಇನ್ನೊಮ್ಮೆ ಒತ್ತಿ’ ಎಂದರೆ ಒತ್ತುವ ಮೊದಲು ಶಿಲ್ಕು ನೋಡಿಸಿ. ಖಾತೆಯಿಂದ ಕಡಿತವಾಗಿ ನಗದು ಕೈಗೆ ಬಾರದಿದ್ದರೆ ಐದು ದಿನದೊಳಗೆ ವಾಪಸ್ ಜಮೆಯಾಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ.

ಯಜಮಾನಿ ತೀರಿಕೊಂಡರೆ ಹಣ ಮನೆಯ ಇನ್ನೊಬ್ಬ ಹೆಂಗಸಿಗೆ ತಾನಾಗಿ ದಾಟುವುದಿಲ್ಲ. ಮರಣ ಪ್ರಮಾಣಪತ್ರ ಮಾಡಿಸಿ, ರೇಷನ್ ಕಾರ್ಡಿನಿಂದ ಹೆಸರು ತೆಗೆಸಿ, ಸೊಸೆಯನ್ನೋ ಮಗಳನ್ನೋ ಮುಖ್ಯಸ್ಥೆಯಾಗಿ ಸೇರಿಸಿ, ಆಮೇಲೆ ಹೊಸದಾಗಿ ನೋಂದಣಿ ಮಾಡಬೇಕು. ತಿದ್ದುಪಡಿಯ ತಂತ್ರಾಂಶ ಮುಚ್ಚಿದ್ದ ತಿಂಗಳುಗಳಷ್ಟೂ ಆ ಮನೆಗೆ ನಷ್ಟ. ಮರಣ ನೋಂದಣಿ ಆಗುವುದು ಸರ್ಕಾರದ ಇ-ಜನ್ಮ ತಂತ್ರಾಂಶದಲ್ಲೇ. ಅಲ್ಲಿಂದ ರೇಷನ್ ಕಾರ್ಡಿಗೆ ಸುದ್ದಿ ಮುಟ್ಟಿದ ದಿನವೇ ಮುಂದಿನ ಹಿರಿಯ ಹೆಂಗಸಿನ ಹೆಸರು ಮೇಲೇರಿಸುವುದು ಕಷ್ಟವಲ್ಲ. ಹಣ ನಿಲ್ಲಿಸಲು ಬಳಸುವ ಅದೇ ಮಾಹಿತಿಯನ್ನು ಹಣ ಮುಂದುವರಿಸಲೂ ಬಳಸಬಹುದು.