ಗ್ಯಾಸ್ ಒಲೆಯ ಪಕ್ಕ ಒಂದು ಇಂಡಕ್ಷನ್ ಒಲೆ: ನಾಲ್ಕು ತಿಂಗಳು ಅಡಿಗೆ ಮಾಡಿದ ಮೇಲೆ

ಮಗಳಿಗೆ ಏಳು ವರ್ಷ. ಅಸ್ತಮಾ ಇದೆ. ನವೆಂಬರಿನಲ್ಲಿ ತೋರಿಸಲು ಹೋದಾಗ ಡಾಕ್ಟರು ಧೂಳು, ಬೆಕ್ಕು, ಹಾಸಿಗೆ ಎಲ್ಲ ವಿಚಾರಿಸಿದರು. ಕೊನೆಗೆ "ಅಡಿಗೆ ಗ್ಯಾಸಿನಲ್ಲಾ, ಕರೆಂಟಿನಲ್ಲಾ?" ಎಂದು ಕೇಳಿದರು. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬಂದು ಹತ್ತು ವರ್ಷ ಆಯಿತು. ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಗ್ಯಾಸ್ ಅಂದೆ. ಅವರು ಬರೆದುಕೊಂಡರು, ಅಡಿಗೆ ಮಾಡುವಾಗ ಕಿಟಕಿ ತೆಗೆದಿಡಿ ಅಂದರು, ಅಷ್ಟೇ.

ನಾವಿರುವ ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಊರುಗಳು) ಕೆಲವು ಕಡೆ ಇಂಡಕ್ಷನ್ ಒಲೆಯನ್ನು ಲೈಬ್ರರಿ ಪುಸ್ತಕದ ಹಾಗೆ ಎರವಲು ಕೊಡುತ್ತಾರೆ. ಒಲೆ, ಒಂದು ಪಾತ್ರೆ, ಮನೆಯ ಪಾತ್ರೆ ಇದಕ್ಕೆ ಒಗ್ಗುತ್ತದೋ ನೋಡಲು ಒಂದು ಅಯಸ್ಕಾಂತ ಎಲ್ಲ ಒಂದು ಚೀಲದಲ್ಲಿ ಬರುತ್ತದೆ. ಎರಡು ವಾರ ಇಟ್ಟುಕೊಂಡೆ. ಬಹಳ ಒಳ್ಳೆಯ ವ್ಯವಸ್ಥೆ, ನಿಮ್ಮ ಊರಿನಲ್ಲಿ ಇದ್ದರೆ ದುಡ್ಡು ಹಾಕುವ ಮುಂಚೆ ಖಂಡಿತ ಬಳಸಿಕೊಳ್ಳಿ. ವಾಪಸ್ ಕೊಟ್ಟ ದಿನವೇ ಅಂಥದ್ದೇ ಒಂದನ್ನು ಕೊಂಡೆ. ಒಂದೇ ಬರ್ನರ್, ಕಟ್ಟೆಯ ಮೇಲೆ ಇಡುವಂಥದ್ದು, 1800 ವ್ಯಾಟ್, ಸುಮಾರು 90 ಡಾಲರ್. ಕಂಪನಿ ಹೆಸರು ಹೇಳುತ್ತಿಲ್ಲ. ಈ ಬೆಲೆಯ ಒಲೆಗಳ ಗುಣ ದೋಷ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ.

ಆಗ ಊರಿಂದ ಅವ್ವ ಬಂದಿದ್ದಳು. ಅರಸೀಕೆರೆ ಹತ್ತಿರದ ಹಳ್ಳಿ ನಮ್ಮದು. ಅವ್ವ ಅರ್ಧ ಆಯಸ್ಸು ಸೌದೆ ಒಲೆಯ ಮುಂದೆ ಊದುಕೊಳವೆ ಹಿಡಿದು ಕಳೆದವಳು. ಎಂಬತ್ತರ ದಶಕದಲ್ಲಿ ಪಕ್ಕದ ಮನೆಗೆ ಅಸ್ತ್ರ ಒಲೆ ಬಂದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ್ದು, ಒಂದೇ ಉರಿಗೆ ಮೂರು ಪಾತ್ರೆ, ಹೊಗೆ ಹೊರಗೆ ಹೋಗಲು ಕೊಳವೆ. ನಮ್ಮ ಮನೆಗೆ ಅದು ಬರಲಿಲ್ಲ, ನೇರ ಗ್ಯಾಸೇ ಬಂತು. ಅವತ್ತು ಅವ್ವ ಒಲೆಗೆ ಕುಂಕುಮ ಹಚ್ಚಿ ಪೂಜೆ ಮಾಡಿದ್ದು ನನಗೆ ನೆನಪಿದೆ. ಅಂಥವಳಿಗೆ ಗ್ಯಾಸ್ ಉರಿಯೂ ಮಗುವಿನ ಎದೆಗೆ ಒಳ್ಳೆಯದಲ್ಲ ಅಂತ ಹೇಳುವುದು ಹೇಗೆ?

"ನೀಲಿ ಉರಿ ಕಣೇ, ಒಂದು ಚೂರು ಮಸಿ ಇಲ್ಲ, ಇದರಲ್ಲಿ ಏನು ಕೆಟ್ಟದ್ದು?" ಅಂದಳು.

ಅವಳ ಮಾತಿನಲ್ಲಿ ಅರ್ಧ ನಿಜ. ನೀಲಿ ಉರಿ ಅಂದರೆ ಗ್ಯಾಸ್ ಚೆನ್ನಾಗಿ ಉರಿಯುತ್ತಿದೆ ಅಂತ. ಮಸಿ ಇಲ್ಲ, ಕಾರ್ಬನ್ ಮಾನಾಕ್ಸೈಡ್ ಕಡಿಮೆ. ಆದರೆ ಆ ಶಾಖಕ್ಕೆ ಗಾಳಿಯಲ್ಲೇ ಇರುವ ನೈಟ್ರೋಜನ್ನೂ ಆಮ್ಲಜನಕವೂ ಕೂಡಿಕೊಂಡು ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಇಲ್ಲಿಯ ಕೊಳವೆ ಗ್ಯಾಸಾಗಲಿ, ನಮ್ಮ ಊರಿನ ಸಿಲಿಂಡರಾಗಲಿ, ಉರಿ ಇದ್ದ ಕಡೆ ಇದು ಇದ್ದೇ ಇರುತ್ತದೆ. ಮನೆಯಲ್ಲಿ ಆಗುವ ಮಟ್ಟಕ್ಕೆ ಕಣ್ಣಿಗೆ ಕಾಣಲ್ಲ, ಕಣ್ಣು ಉರಿಯುವುದೂ ಇಲ್ಲ. ಆದರೆ ಅಸ್ತಮಾ ಇರುವವರ ಶ್ವಾಸನಾಳವನ್ನು ಕೆಣಕುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದರ ವಾರ್ಷಿಕ ಮಿತಿಯನ್ನು ಒಂದು ಘನ ಮೀಟರ್ ಗಾಳಿಗೆ 40 ಮೈಕ್ರೋಗ್ರಾಂನಿಂದ 10ಕ್ಕೆ ಇಳಿಸಿತು.

ಅಮೆರಿಕದಲ್ಲಿ ಈ ವಿಷಯ ದೊಡ್ಡ ಜಗಳವೇ ಆಗಿಹೋಗಿದೆ. 2022ರ ಡಿಸೆಂಬರಿನಲ್ಲಿ ಒಂದು ಅಧ್ಯಯನ ಬಂತು. ಈ ದೇಶದ ಮಕ್ಕಳ ಅಸ್ತಮಾದಲ್ಲಿ 12.7 ಶೇಕಡಾ ಗ್ಯಾಸ್ ಒಲೆಯ ಲೆಕ್ಕಕ್ಕೆ ಹೋಗುತ್ತದೆ ಎಂದಿತು. ಮುಂದಿನ ತಿಂಗಳೇ ಗ್ರಾಹಕ ಸುರಕ್ಷತಾ ಆಯೋಗದ ಸದಸ್ಯ ರಿಚರ್ಡ್ ಟ್ರಂಕಾ ಜೂನಿಯರ್, ನಿಷೇಧವೂ ಸೇರಿ ಯಾವ ದಾರಿಯನ್ನೂ ಕೈಬಿಟ್ಟಿಲ್ಲ ಎಂಬ ಅರ್ಥದ ಮಾತಾಡಿದರು. ನಮ್ಮ ಒಲೆ ಕಿತ್ತುಕೊಳ್ಳಲು ಬರುತ್ತಾರೆ ಅಂತ ದೇಶವೆಲ್ಲ ಗುಲ್ಲು. ನಿಷೇಧದ ಯೋಚನೆ ಇಲ್ಲ ಅಂತ ಆಯೋಗದ ಅಧ್ಯಕ್ಷರು ಹೇಳಬೇಕಾಯಿತು. ನಮ್ಮ ಪಕ್ಕದ ಬರ್ಕ್ಲಿ ನಗರ 2019ರಲ್ಲೇ ಹೊಸ ಕಟ್ಟಡಗಳಿಗೆ ಗ್ಯಾಸ್ ಪೈಪ್ ಬೇಡ ಎಂದಿತ್ತು. ರೆಸ್ಟೋರೆಂಟ್ ಸಂಘದವರು ಕೋರ್ಟಿಗೆ ಹೋದರು, 2023ರಲ್ಲಿ ಆ ನಿಯಮ ಬಿದ್ದುಹೋಯಿತು.

ನನಗೆ ಬೇಕಿದ್ದದ್ದು ಮಗಳ ವಿಷಯ. ಹಾಗಾಗಿ ಎರಡೂ ಕಡೆಯದು ಓದಿದೆ. 12.7 ಅನ್ನುವುದು ಮಕ್ಕಳನ್ನು ಪರೀಕ್ಷೆ ಮಾಡಿ ಬಂದದ್ದಲ್ಲ, ಹಳೆಯ ಅಧ್ಯಯನಗಳಿಂದ ಹಾಕಿದ ಲೆಕ್ಕ. 2013ರಲ್ಲಿ ಹಲವು ದೇಶಗಳ 5 ಲಕ್ಷಕ್ಕೂ ಜಾಸ್ತಿ ಮಕ್ಕಳ ಮಾಹಿತಿ ನೋಡಿದ ಇನ್ನೊಂದು ಅಧ್ಯಯನಕ್ಕೆ ಗ್ಯಾಸ್ ಅಡಿಗೆಗೂ ಅಸ್ತಮಾಗೂ ನಂಟು ಸಿಗಲಿಲ್ಲ. ಅದಕ್ಕೆ ನಂಟು ಸಿಕ್ಕಿದ್ದು ಸೌದೆ ಒಲೆಯಂಥ ತೆರೆದ ಬೆಂಕಿಯ ಅಡಿಗೆಗೆ. ಇದನ್ನು ಅವ್ವನಿಗೆ ಹೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದಳು. ನನ್ನ ಅಣ್ಣನಿಗೆ ಚಿಕ್ಕಂದಿನಲ್ಲಿ ಉಬ್ಬಸ ಇತ್ತು.

ಹಾಗಿದ್ದರೆ ನಾನು ಯಾಕೆ ಕೊಂಡೆ? ಗ್ಯಾಸ್ ಒಲೆಯಿಂದ ಅಸ್ತಮಾ ಬರುತ್ತದೋ ಇಲ್ಲವೋ ಅನ್ನುವುದು ಒಂದು ಪ್ರಶ್ನೆ. ಆಗಲೇ ಇರುವ ಅಸ್ತಮಾ ಕೆರಳುತ್ತದೋ ಅನ್ನುವುದು ಬೇರೆ. ನೈಟ್ರೋಜನ್ ಡೈಆಕ್ಸೈಡ್ ಕೆರಳಿಸುತ್ತದೆ ಅನ್ನುವುದರಲ್ಲಿ ಅಷ್ಟು ತಕರಾರಿಲ್ಲ. ಸ್ಟ್ಯಾನ್‌ಫರ್ಡ್‌ ವಿಶ್ವವಿದ್ಯಾಲಯದವರು 2024ರಲ್ಲಿ ಅಳೆದು ನೋಡಿದ್ದರು. ಒಲೆ ಆರಿಸಿದ ಮೇಲೂ ಅದು ಗಂಟೆಗಟ್ಟಲೆ ಮನೆಯಲ್ಲಿ ಉಳಿಯುತ್ತದೆ, ಮಲಗುವ ಕೋಣೆಯವರೆಗೂ ಹೋಗುತ್ತದೆ, ಚಿಕ್ಕ ಮನೆಯವರಿಗೆ ಜಾಸ್ತಿ ತಗಲುತ್ತದೆ. ನಮ್ಮದು 750 ಚದರ ಅಡಿಯ ಬಾಡಿಗೆ ಮನೆ. ಅಡಿಗೆಮನೆಯಿಂದ ಮಗಳ ಹಾಸಿಗೆಗೆ ಹದಿನಾಲ್ಕು ಹೆಜ್ಜೆ.

ಈಗ ಒಲೆಯ ಮಾತು. ಗಾಜಿನ ಕೆಳಗೆ ತಂತಿಯ ಸುರುಳಿ ಇದೆ. ಕಾಯುವುದು ಪಾತ್ರೆಯ ತಳ, ಒಲೆಯಲ್ಲ. ಹಾಲು, ಕಾಫಿ, ಅನ್ನ, ಬೇಳೆ, ಸಾರು, ಇವೆಲ್ಲಕ್ಕೂ ಗ್ಯಾಸಿಗಿಂತ ಇದೇ ವಾಸಿ. ಹಾಲು ಉಕ್ಕಿ ಬರುವಾಗ ಗುಂಡಿ ಒತ್ತಿದರೆ ತಕ್ಷಣ ಇಳಿಯುತ್ತದೆ. ಅಡಿಗೆಮನೆ ಬೇಯುವುದಿಲ್ಲ. ಫ್ಯಾನ್ ಸದ್ದು ಮತ್ತು ಪ್ರತಿ ಗುಂಡಿಗೂ ಕೀಂ ಅನ್ನುವುದು ತಲೆನೋವು. ಸಣ್ಣ ಉರಿ ಇಟ್ಟರೆ ಅದು ಹತ್ತಿ ಆರಿ, ಹತ್ತಿ ಆರಿ ಮಾಡುತ್ತದೆ. ಪಾಯಸ ತಳ ಹಿಡಿಯಿತು. ದಪ್ಪ ತಳದ ಪಾತ್ರೆಗೆ ಬದಲಾಯಿಸಿದ ಮೇಲೆ ಸರಿಹೋಯಿತು.

ದೋಸೆಗೆ ಕಬ್ಬಿಣದ ಕಾವಲಿ ಚೆನ್ನಾಗಿ ಒಪ್ಪುತ್ತದೆ. ಆದರೆ ಸುರುಳಿ ಚಿಕ್ಕದು, ಕಾವಲಿ ದೊಡ್ಡದು. ನಡುವೆ ಕೆಂಪಗೆ, ಅಂಚು ಬೆಳ್ಳಗೆ. ಕಡಿಮೆ ಶಾಖದಲ್ಲಿ ಐದಾರು ನಿಮಿಷ ಕಾಯಿಸಿ ಆಮೇಲೆ ಹಿಟ್ಟು ಹುಯ್ದರೆ ಪರವಾಗಿಲ್ಲ. ದೋಸೆಯ ಅಳತೆಯನ್ನೂ ಸ್ವಲ್ಪ ಕಡಿಮೆ ಮಾಡಿ. ಕಾವಲಿಯನ್ನು ಗಾಜಿನ ಮೇಲೆ ಎಳೆಯಬೇಡಿ, ಎತ್ತಿ ಇಡಿ. ಊರಿಂದ ತಂದ ಅಲ್ಯೂಮಿನಿಯಂ ಕುಕ್ಕರ್ ಇದರ ಮೇಲೆ ಕೆಲಸಕ್ಕೆ ಬರುವುದಿಲ್ಲ. ಪಾತ್ರೆಯ ತಳಕ್ಕೆ ಅಯಸ್ಕಾಂತ ಅಂಟಬೇಕು. ಎಲ್ಲ ಸ್ಟೀಲಿಗೂ ಅಂಟುವುದಿಲ್ಲ.

ಮುದ್ದೆ ಆಗಲ್ಲ ಅಂದುಕೊಂಡಿದ್ದೆ. ಎಸರು ಕುದಿಸಿ ಹಿಟ್ಟು ಹಾಕಿ ಬೇಯಿಸುವವರೆಗೂ ತೊಂದರೆ ಇಲ್ಲ. ತೊಳಸುವಾಗ ಪಾತ್ರೆ ಜಾರುತ್ತದೆ, ಗಾಜು ಒಡೆದೀತು ಅಂತ ಭಯ. ಅವ್ವ ಪಾತ್ರೆ ಇಳಿಸಿ ನೆಲದ ಮೇಲೆ ಬಟ್ಟೆ ಹಾಸಿ, ಹಿಟ್ಟಿನ ಕೋಲು ಹಿಡಿದು ಕೂತಳು. ಗಂಟಿಲ್ಲದ ಮುದ್ದೆ. ಆವತ್ತಿನಿಂದ ನಾನೂ ಹಾಗೇ ಮಾಡುತ್ತೇನೆ.

ಫುಲ್ಕಾ, ಸುಟ್ಟ ಬದನೆಕಾಯಿ ಗೊಜ್ಜು, ಸುಟ್ಟ ಹಪ್ಪಳ ಇದರ ಮೇಲೆ ಸಾಧ್ಯವೇ ಇಲ್ಲ. ಅವಕ್ಕೆ ಗ್ಯಾಸ್ ಹಚ್ಚುತ್ತೇನೆ, ಮಗಳು ಸ್ಕೂಲಿನಲ್ಲಿ ಇರುವಾಗ.

ಒಗ್ಗರಣೆ ಹೊಗೆಯ ವಿಷಯ ಎಲ್ಲರೂ ತಿಳಿಯಬೇಕು. 2020ರ ಸೆಪ್ಟೆಂಬರಿನಲ್ಲಿ ಕಾಡ್ಗಿಚ್ಚಿನ ಹೊಗೆಗೆ ಇಲ್ಲಿ ಹಗಲಿನಲ್ಲೇ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತ್ತಲ್ಲ, ಆಗ ಗಾಳಿಯ ಸಣ್ಣ ಕಣ ಅಳೆಯುವ ಯಂತ್ರ ಕೊಂಡಿದ್ದೆ. ಅದನ್ನು ಕಟ್ಟೆಯ ಮೇಲಿಟ್ಟೆ. ಇಂಡಕ್ಷನ್ ಮೇಲೆ ನೀರು ಕುದಿಸಿದರೆ ಅಂಕಿ ಅಲ್ಲಾಡಲಿಲ್ಲ. ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ ತಕ್ಷಣ ಗ್ಯಾಸಿನಲ್ಲಿ ಏರಿದ ಹಾಗೇ ಏರಿತು. ಆ ಹೊಗೆ ಕಾದ ಎಣ್ಣೆಯದು, ಉರಿಯದಲ್ಲ. ಒಲೆ ಬದಲಾಯಿಸಿದರೆ ನೈಟ್ರೋಜನ್ ಡೈಆಕ್ಸೈಡ್ ಹೋಗುತ್ತದೆ, ಘಾಟು ಹೋಗುವುದಿಲ್ಲ. ಈ ಯಂತ್ರ ನೈಟ್ರೋಜನ್ ಡೈಆಕ್ಸೈಡ್ ಅಳೆಯುವುದಿಲ್ಲ ಅನ್ನುವುದೂ ನೆನಪಿರಲಿ. ಅಂಕಿ ಕಡಿಮೆ ಇದೆ ಅಂತ ಗ್ಯಾಸ್ ಒಲೆಗೆ ಕ್ಲೀನ್ ಚಿಟ್ ಕೊಡಬೇಡಿ.

ಆಮೇಲೆ ಒಲೆಯ ಮೇಲಿನ ಮೈಕ್ರೋವೇವಿನ ಫ್ಯಾನ್. ಇಷ್ಟು ವರ್ಷ ಅದನ್ನು ಹಾಕಿ ನೆಮ್ಮದಿಯಾಗಿದ್ದೆ. ಒಂದು ದಿನ ಮೇಲಿನ ಜಾಲರಿಯ ಮುಂದೆ ಕೈ ಇಟ್ಟೆ. ಬಿಸಿ ಗಾಳಿ ಮುಖಕ್ಕೇ ಬಂತು. ಅದಕ್ಕೆ ಹೊರಗೆ ಹೋಗುವ ಕೊಳವೆಯೇ ಇಲ್ಲ! ಒಳಗಿನದನ್ನು ಎಳೆದು ಒಳಗೇ ಬಿಡುತ್ತಿತ್ತು. ಬಾಡಿಗೆ ಮನೆಯವರು ಇವತ್ತೇ ಕೈ ಇಟ್ಟು ನೋಡಿ. ಮನೆಯ ಮಾಲೀಕರಿಗೆ ಎರಡು ಸಲ ಬರೆದೆ, ಉತ್ತರ ಬಂದಿಲ್ಲ. 25 ಡಾಲರಿನ ಫ್ಯಾನನ್ನು ಕಿಟಕಿಗೆ ಹೊರಮುಖವಾಗಿ ಕೂರಿಸಿದ್ದೇನೆ. ಒಗ್ಗರಣೆಯ ಹೊತ್ತಿಗೆ ಅದು ಓಡುತ್ತದೆ, ಅಂಕಿ ಬೇಗ ಇಳಿಯುತ್ತದೆ.

ಒಂದು ಎಚ್ಚರಿಕೆ. ಇಲ್ಲಿಯ ಕರೆಂಟು 120 ವೋಲ್ಟ್. ಇದೂ ಮೈಕ್ರೋವೇವೂ ಒಂದೇ ಲೈನಿನಲ್ಲಿ ಓಡಿದರೆ ಟ್ರಿಪ್ ಆಗುತ್ತದೆ. ಎಕ್ಸ್‌ಟೆನ್ಷನ್ ವೈರ್ ಹಾಕಲೇಬೇಡಿ.

ಮಗಳ ಕೆಮ್ಮು ಈ ಚಳಿಗಾಲ ಕಡಿಮೆ ಇತ್ತು. ಔಷಧಿಯೂ ಬದಲಾಗಿತ್ತು, ಹಾಗಾಗಿ ಒಲೆಯಿಂದಲೇ ಅಂತ ಹೇಳಲಾರೆ. ಐದಕ್ಕೆ ನಾಲ್ಕು ಕೊಡುತ್ತೇನೆ.

ಅವ್ವ ಮಾರ್ಚಿನಲ್ಲಿ ಊರಿಗೆ ಹೋದಳು. ಫ್ರಿಜ್ ಮೇಲಿದ್ದ ಅಯಸ್ಕಾಂತ ಕೇಳಿ ತೆಗೆದುಕೊಂಡು ಹೋದಳು. ಮೊನ್ನೆ ಫೋನ್ ಮಾಡಿದ್ದಳು. ಅಟ್ಟದಲ್ಲಿದ್ದ ಪಾತ್ರೆಯನ್ನೆಲ್ಲ ಇಳಿಸಿ ನೋಡಿದಳಂತೆ, ಮೂರಕ್ಕೆ ಅಂಟಿತಂತೆ.