ಅರಿಶಿನದ ಕ್ಯಾಪ್ಸೂಲ್: ಒಂದು ವರ್ಷ ತಗೊಂಡ ಮೇಲೆ ನನ್ನ ಅಭಿಪ್ರಾಯ

ತೂಕ ಇಳಿಸೋಕೆ ಅಂತ ಅರಿಶಿನದ ಕ್ಯಾಪ್ಸೂಲ್ ಹುಡುಕುತ್ತಿರುವವರು ದಯವಿಟ್ಟು ಬಾಟಲಿಯ ಹಿಂಭಾಗವನ್ನು ಮೊದಲು ಓದಿ. ಮುಂಭಾಗದಲ್ಲಿ ಏನಿದೆ ಅಂತ ನಿಮಗೆ ಗೊತ್ತೇ ಇರುತ್ತದೆ: ಸಣ್ಣ ಸೊಂಟ, ಅಳತೆ ಟೇಪು, ಎರಡು ಅರಿಶಿನದ ಕೊಂಬು.

ನಾನು ಒಂದು ವರ್ಷದ ಹತ್ತಿರ ತಗೊಂಡೆ. ಬೇರೆ ಯಾವ ಮಾತ್ರೆಯೂ ಇಲ್ಲದ ಮೈ ನನ್ನದು. ಶುರು ಮಾಡುವ ಮುಂಚೆ ಲಿವರ್ ಟೆಸ್ಟ್ ಮಾಡಿಸಿದ್ದೆ, ನಡುವೆ ಇನ್ನೊಮ್ಮೆ ಮಾಡಿಸಿದೆ. ಎರಡೂ ಸರಿ ಇದ್ದವು. ಲೇಬಲ್‌ನಲ್ಲಿ ದಿನಕ್ಕೆ ಎರಡು ಅಂತಿತ್ತು, ನಾನು ಒಂದೇ ಸಾಕು ಅಂದುಕೊಂಡೆ. ಬಾಟಲಿಗೆ 700 ರೂಪಾಯಿ ಹತ್ತಿರ. ನಮ್ಮ ಮನೆಯ ಲೆಕ್ಕದಲ್ಲಿ ಅದು ತಿಂಗಳ ಹಣ್ಣಿನ ಖರ್ಚು.

ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಅನ್ನುವ ಅಂಶವೇ ಈ ಕ್ಯಾಪ್ಸೂಲ್‌ನಲ್ಲಿರುವುದು. ಅದು ನೀರಲ್ಲಿ ಕರಗುವುದಿಲ್ಲ, ಜಿಡ್ಡು ಬೇಕು. ಹಾಗಾಗಿ ಮಧ್ಯಾಹ್ನದ ಊಟಕ್ಕೇ ಗಂಟು ಹಾಕಿಕೊಂಡೆ. ಬಿಸಿ ಅನ್ನ, ತಿಳಿಸಾರು, ಮೇಲೆ ಒಂದು ಚಮಚ ತುಪ್ಪ, ಪಕ್ಕದಲ್ಲಿ ಕ್ಯಾಪ್ಸೂಲ್. ಒದ್ದೆ ಕೈಯಲ್ಲಿ ಮುಟ್ಟಿದರೆ ಮೆತ್ತಗಾಗಿ ಬೆರಳಿಗೆ ಅಂಟುತ್ತದೆ, ಉಗುರಿನ ಸಂದಿಯ ಹಳದಿ ಸಂಜೆಯಾದರೂ ಹೋಗುವುದಿಲ್ಲ. ಅದಕ್ಕೇ ಊಟಕ್ಕೆ ಕೂರುವ ಮುಂಚೆ, ಕೈ ಒಣಗಿರುವಾಗಲೇ ತೆಗೆದು ತಟ್ಟೆಯ ಅಂಚಿನಲ್ಲಿ ಇಡುತ್ತಿದ್ದೆ. ನಿಜ ಹೇಳಬೇಕೆಂದರೆ ಈ ಅಭ್ಯಾಸ ನನಗೆ ತುಂಬಾ ಇಷ್ಟವಾಯಿತು. ಕ್ಯಾಪ್ಸೂಲ್ ನೆಪದಲ್ಲಿ ಊಟ ಹೊತ್ತಿಗೆ ಸರಿಯಾಗಿ ಆಗತೊಡಗಿತು. ನಾಲ್ಕು ಗಂಟೆಗೆ ಬೋಂಡಾ, ಬಿಸ್ಕತ್ತು ಬೇಕು ಅನ್ನಿಸುವುದು ನಿಂತಿತು.

ತೂಕವೂ ಸ್ವಲ್ಪ ಇಳಿಯಿತು. ಆದರೆ ಅದರ ಶ್ರೇಯಸ್ಸು ಕ್ಯಾಪ್ಸೂಲ್‌ಗೆ ಕೊಡಲು ನನಗೆ ಮನಸ್ಸಿಲ್ಲ. ಹಬ್ಬದ ತಿಂಗಳಲ್ಲಿ ಕ್ಯಾಪ್ಸೂಲ್ ತಪ್ಪದೇ ನುಂಗುತ್ತಿದ್ದೆ, ಊಟದ ಹೊತ್ತು ಮಾತ್ರ ಏರುಪೇರಾಯಿತು. ತೂಕ ವಾಪಸ್ ಬಂತು. ಇದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದವರ ಲೆಕ್ಕದಲ್ಲೂ ಕರ್ಕ್ಯುಮಿನ್‌ನಿಂದ ಇಳಿಯುವ ತೂಕ ಸರಾಸರಿ ಒಂದು ಕಿಲೋ ಆಸುಪಾಸು, ಅಷ್ಟೇ.

ಇಲ್ಲಿಯವರೆಗೆ ಆಗಿದ್ದರೆ ನಾಲ್ಕು ಸ್ಟಾರ್ ಕೊಟ್ಟು ಸುಮ್ಮನಾಗುತ್ತಿದ್ದೆ. ನನಗೆ ಸಿಟ್ಟು ಬಂದಿದ್ದು ನಮ್ಮ ಮಾವ ಬಾಟಲಿಗೆ ಕೈ ಹಾಕಿದ ದಿನ. ಅವರಿಗೆ ಸ್ಟೆಂಟ್ ಹಾಕಿದೆ, ರಕ್ತ ತೆಳು ಮಾಡುವ ಮಾತ್ರೆ ದಿನಾ ಇದೆ.

"ನಂಗೂ ಒಂದು ಕೊಡಮ್ಮ, ಹೊಟ್ಟೆ ಇಳೀಲಿ" ಅಂದರು.

"ಬೇಡ ಮಾವ, ಡಾಕ್ಟರನ್ನ ಕೇಳೋಣ" ಅಂದೆ.

"ಅರಿಶಿನ ತಾನೇ, ಏನಾಗುತ್ತೆ?"

ಎಲ್ಲರೂ ಕೇಳುವ ಮಾತೇ ಅಲ್ವಾ? ಲೇಬಲ್ಲನ್ನೇ ತೋರಿಸೋಣ ಅಂತ ಬಾಟಲಿ ತಿರುಗಿಸಿದೆ. ಫೋನ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಅಕ್ಷರ ಅಕ್ಷರ ಓದಿದೆವು. ಗರ್ಭಿಣಿಯರು ವೈದ್ಯರನ್ನು ಕೇಳಿ ಅಂತ ಒಂದು ಸಾಲು. ರಕ್ತ ತೆಳು ಮಾಡುವ ಮಾತ್ರೆಯ ಬಗ್ಗೆ ಒಂದಕ್ಷರ ಇಲ್ಲ. ಲಿವರ್, ಪಿತ್ತಕೋಶದ ಕಲ್ಲು, ಯಾವುದೂ ಇಲ್ಲ. ಆಮೇಲೆ ಅವರ ಹೃದಯದ ಡಾಕ್ಟರ್ ಒಂದೇ ಮಾತಲ್ಲಿ ಬೇಡ ಅಂದರು. ರಕ್ತಸ್ರಾವದ ಅಪಾಯ ಹೆಚ್ಚಬಹುದು ಅನ್ನುವುದು ಅವರ ಕಾರಣ.

ಸಾರಿಗೆ ಹಾಕುವ ಅರಿಶಿನ ಬೇರೆ, ಇದು ಬೇರೆ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರು ಪಾಲಿನಷ್ಟು. ಒಂದು ಟೀ ಚಮಚ ಪೂರ್ತಿ ಹಾಕಿದರೂ 100 ಮಿಲಿಗ್ರಾಂ ದಾಟುವುದು ಕಷ್ಟ. ಕರ್ಕ್ಯುಮಿನ್ 95 ಶೇಕಡಾ ಇರುವ ಸಾರದ 500 ಮಿಲಿಗ್ರಾಂ ಕ್ಯಾಪ್ಸೂಲ್‌ನಲ್ಲಿ 475 ಇರುತ್ತದೆ. ಆಹಾರಕ್ಕೆ ಬಣ್ಣವಾಗಿ ಸೇರಿಸುವ ಕರ್ಕ್ಯುಮಿನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಹಾಕಿರುವ ಮಿತಿ ದಿನಕ್ಕೆ, ಮೈತೂಕದ ಕಿಲೋಗೆ 3 ಮಿಲಿಗ್ರಾಂ. 70 ಕಿಲೋ ಇರುವವರಿಗೆ 210 ಆಯಿತು. ಲೇಬಲ್ ಹೇಳಿದ ಹಾಗೆ ದಿನಕ್ಕೆ ಎರಡು ನುಂಗಿದರೆ 950!

ಅದರ ಮೇಲೆ ಕರಿಮೆಣಸಿನ ಸಾರವನ್ನೂ ಸೇರಿಸಿರುತ್ತಾರೆ, ಅದರಲ್ಲಿರುವ ಅಂಶದ ಹೆಸರು ಪೈಪರೀನ್. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರೀನ್ ಕೊಟ್ಟು ನೋಡಿದರು. ಮೈಗೆ ಹತ್ತುವ ಕರ್ಕ್ಯುಮಿನ್ 2000 ಶೇಕಡಾ ಜಾಸ್ತಿಯಾಯಿತು. ಕಂಪನಿಗಳು ಈ ಅಂಕಿಯನ್ನು ಹೆಮ್ಮೆಯಿಂದ ಅಚ್ಚು ಹಾಕುತ್ತವೆ. ಆದರೆ ಪೈಪರೀನ್ ತಡೆಯುವುದು ಕರ್ಕ್ಯುಮಿನ್ ಹೊರಹೋಗುವುದನ್ನು ಮಾತ್ರ ಅಲ್ಲ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಬಿಪಿಗೆ ಕೊಡುವ ಪ್ರೊಪ್ರನಲಾಲ್‌ನಂಥ ಔಷಧಿಗಳ ಮಟ್ಟವನ್ನೂ ರಕ್ತದಲ್ಲಿ ಏರಿಸಬಲ್ಲದು. ಅದನ್ನು ಮಾತ್ರ ಯಾಕೆ ಬರೆಯುವುದಿಲ್ಲ?

ಅರಿಶಿನದ ಸಪ್ಲಿಮೆಂಟ್ ತಗೊಂಡವರಲ್ಲಿ ಲಿವರ್ ಊತ ಕಂಡ ಮೇಲೆ ಇಟಲಿ ಸರ್ಕಾರ 2022ರಲ್ಲಿ ಲೇಬಲ್ ಮೇಲೆ ಎಚ್ಚರಿಕೆ ಕಡ್ಡಾಯ ಮಾಡಿತು. 2023ರಲ್ಲಿ ಆಸ್ಟ್ರೇಲಿಯಾದ ಔಷಧ ನಿಯಂತ್ರಣ ಸಂಸ್ಥೆಯೂ ಜನರನ್ನು ಎಚ್ಚರಿಸಿತು. ಇಂಥದ್ದು ಅಪರೂಪ, ನಿಜ. ಹೆಚ್ಚಿನವರು ನಿಲ್ಲಿಸಿದ ಮೇಲೆ ಚೇತರಿಸಿಕೊಳ್ಳುತ್ತಾರೆ. ಆದರೆ ಕಣ್ಣು ಹಳದಿಯಾಗುವುದು, ಮೂತ್ರ ಕಂದು ಬಣ್ಣಕ್ಕೆ ತಿರುಗುವುದು, ಮೈ ತುರಿಕೆ, ಕಾರಣವಿಲ್ಲದ ಸುಸ್ತು, ಇವು ಕಂಡರೆ ತಕ್ಷಣ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಬೇಕು ಅನ್ನುವುದು ತಗೊಳ್ಳುವವರಿಗೆ ಗೊತ್ತಿರಬೇಕು ತಾನೆ?

ಸಕ್ಕರೆ ಕಾಯಿಲೆ ಮಾತ್ರೆ ತಗೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲಿರುವವರು, ಕಿಡ್ನಿ ಕಲ್ಲು ಬಂದು ಹೋದವರು, ರಕ್ತಹೀನತೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಆಪರೇಷನ್ ಇದ್ದರೆ ಎರಡು ವಾರ ಮುಂಚೆಯೇ ನಿಲ್ಲಿಸಿ, ಡಾಕ್ಟರಿಗೂ ಹೇಳಿ. ಇದರ ಜೊತೆ ಇನ್ನೊಂದು ತೂಕ ಇಳಿಸುವ ಪುಡಿ, ಗ್ರೀನ್ ಟೀ ಮಾತ್ರೆ ಸೇರಿಸಬೇಡಿ. ಗ್ರೀನ್ ಟೀ ಸಾರಕ್ಕೂ ಲಿವರ್ ಕೆಡಿಸಿದ ಹೆಸರಿದೆ.

ನಾನು ಮುಂದಿನ ಬಾಟಲಿ ತರಿಸುತ್ತಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮುಂದುವರಿದಿದೆ, 700 ರೂಪಾಯಿ ಹಣ್ಣಿಗೇ ವಾಪಸ್ ಹೋಯಿತು. ಐದಕ್ಕೆ ಎರಡು ಸ್ಟಾರ್ ಕೊಡುತ್ತೇನೆ. ಮಾವನಂಥವರು ಕನ್ನಡಕ ಹಾಕಿಕೊಂಡು ಓದುವಷ್ಟು ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ, ಯಾರು ತಗೊಳ್ಳಬಾರದು ಅಂತ ಬರೆದ ದಿನ ಇನ್ನೊಂದು ಸೇರಿಸುತ್ತೇನೆ.