ಬಳ್ಳಾರಿಯ ಎಫ್‌ಟಿಐಆರ್ ಲ್ಯಾಬು: ಅದಿರಿಗೆ ಚೊಲೊ, ಬೆಣಚುಕಲ್ಲಿಗೆ ಕಣ್ಣಿಟ್ಟು ಕೂಡಬೇಕು

"ಸರ, ನಿಮ್ಮ ಕಲ್ಲಿನಾಗ ಭಾಳ ನೀರೈತ್ರಿ" ಅಂತ ಲ್ಯಾಬಿನ ಹುಡುಗ ಫೋನ್ ಮಾಡಿದ. ಎಫ್‌ಟಿಐಆರ್ ಅಂದರೆ ಇನ್‌ಫ್ರಾರೆಡ್ ಕಿರಣ ಹಾಯಿಸಿ, ಯಾವ ಅಲೆಗಳನ್ನು ಕಲ್ಲು ಹೀರಿಕೊಂಡಿತು ಅಂತ ನೋಡಿ ಒಳಗೇನಿದೆ ಎಂದು ಗುರುತಿಸುವ ಪರೀಕ್ಷೆ. ನಾನು ಕೊಟ್ಟಿದ್ದು ಹಟ್ಟಿ ಕಡೆಯ ಹಾಲುಬಿಳಿ ಬೆಣಚುಕಲ್ಲು. ಆ ಬಿಳುಪಿಗೆ ಒಳಗಿನ ದ್ರವದ ಸಣ್ಣ ಗುಳ್ಳೆಗಳೇ ಕಾರಣ, ನೀರು ಇರಲೇಬೇಕು. ಆದರೆ ಇಷ್ಟೊಂದಾ?

ಲಿಂಗಸುಗೂರಿನಿಂದ ಬಸ್ ಹಿಡಿದು ಹೋದೆ. ಗ್ರಾಫಿನಲ್ಲಿ 3400ರ ಸುತ್ತ (ಸೆಂಟಿಮೀಟರಿಗೆ ಅಲೆಗಳ ಲೆಕ್ಕ) ಎಮ್ಮೆಬೆನ್ನಿನಂಥ ಉಬ್ಬು, 1630ರಲ್ಲಿ ಇನ್ನೊಂದು. ಎರಡೂ ನೀರಿನ ಗುರುತು. ಕಲ್ಲಿನ ಪುಡಿಯನ್ನು ಪೊಟ್ಯಾಸಿಯಂ ಬ್ರೋಮೈಡ್ ಅನ್ನೋ ಉಪ್ಪಿನಲ್ಲಿ ಬೆರೆಸಿ, ಬಿಲ್ಲೆ ಒತ್ತಿ ಓಡಿಸಿದ್ದರು. "ಕಲ್ಲಿನ ಪುಡಿ ಹಾಕದೆ ಬರೀ ಪೊಟ್ಯಾಸಿಯಂ ಬ್ರೋಮೈಡಿನ ಬಿಲ್ಲೆ ಒತ್ತಿ ಓಡಸಪಾ" ಅಂದೆ. ಹೆಚ್ಚುಕಮ್ಮಿ ಅದೇ ಎಮ್ಮೆ! ಆ ಉಪ್ಪು ಗಾಳಿಯ ತೇವ ಕುಡಿಯುತ್ತದೆ. ಶ್ರಾವಣದ ಮಳೆ, ಡಬ್ಬಿಯ ಮುಚ್ಚಳ ಸಡಿಲ. ಓವನ್ನಿನಲ್ಲಿ 110 ಡಿಗ್ರಿಗೆ ಒಣಗಿಸುವುದನ್ನು ಯಾರೂ ಹೇಳಿಕೊಟ್ಟಿಲ್ಲವಂತೆ.

ತಪ್ಪು ನನ್ನದೂ ಇದೆ. ನನಗೆ ಬೇಕಿದ್ದದ್ದು ಗುಳ್ಳೆಯ ನೀರಲ್ಲ, ಹರಳಿನ ಕಟ್ಟಿನಲ್ಲೇ ಸೇರಿಕೊಂಡ ಹೈಡ್ರೋಜನ್. ಸಿಲಿಕಾನ್ ಜಾಗದಲ್ಲಿ ಅಲ್ಯೂಮಿನಿಯಂ ಕೂತರೆ ಒಂದು ಧನ ಆವೇಶ ಕಮ್ಮಿ ಬೀಳುತ್ತದೆ. ಅದನ್ನು ತುಂಬಲು ಹೈಡ್ರೋಜನ್ ಬಂದು ಆಕ್ಸಿಜನ್ನಿಗೆ ಅಂಟುತ್ತದೆ. ಅದರ ಗೆರೆ 3378ರ ಹತ್ತಿರ, ಸಣ್ಣಗೆ, ಚೂಪಾಗಿ. 200 ಮಿಲಿಗ್ರಾಂ ಉಪ್ಪಿಗೆ ಒಂದೆರಡು ಮಿಲಿಗ್ರಾಂ ಕಲ್ಲುಪುಡಿ ಬೆರೆಸಿದರೆ ಅದೆಲ್ಲಿ ಕಾಣಬೇಕು? ಪುಡಿ ಬಿಟ್ಟು, ಎರಡೂ ಕಡೆ ಪಾಲಿಶ್ ಮಾಡಿದ ಕಲ್ಲಿನ ಹಲ್ಲೆಯನ್ನೇ (ಚಪ್ಪಟೆ ತುಂಡು) ಕೇಳಬೇಕಿತ್ತು.

ಕೇಳಿದೆ, ಮಾಡಿಕೊಟ್ಟರು. ಈ ಸಲ 2900ರ ಆಸುಪಾಸು ಹೊಸ ಗೆರೆಗಳು. ಹಲ್ಲೆ ಹಿಡಿದಿಡಲು ಹಚ್ಚಿದ್ದ ಅಂಟು ಹಾಗೇ ಉಳಿದಿತ್ತು! ರಾತ್ರಿಯಿಡೀ ಅಸಿಟೋನಿನಲ್ಲಿ ನೆನೆಹಾಕಿಸಿದೆ. ಮರುದಿನ ಹುಡುಗ ತಗಡಿಗೆ ತೂತು ಕೊರೆದು, ಹಲ್ಲೆಯ ತಿಳಿಯಾದ ಜಾಗಕ್ಕಷ್ಟೇ ಕಿರಣ ಬೀಳುವಂತೆ ಕೂಡಿಸಿದ. ಅದು ಅವನದೇ ತಲೆ, ನಾನು ಹೇಳಿದ್ದಲ್ಲ. 3378 ಎದ್ದು ನಿಂತಿತು.

ಅವರ ಬಳಿ ಪೋಲರೈಸರ್ (ಒಂದೇ ದಿಕ್ಕಿಗೆ ಕಂಪಿಸುವ ಕಿರಣವನ್ನಷ್ಟೇ ಬಿಡುವ ಸೋಸುಕ) ಇಲ್ಲ. ಹರಳನ್ನು ತಿರುಗಿಸಿದರೆ ಗೆರೆಯ ಎತ್ತರ ಬದಲಾಗುತ್ತದೆ. ಆದ್ದರಿಂದ ರಿಪೋರ್ಟಿನ ಕೆಳಗೆ ದಪ್ಪಕ್ಷರದಲ್ಲಿ ಹಾಕುವ ಪಿಪಿಎಂ (ಹತ್ತು ಲಕ್ಷಕ್ಕೆ ಎಷ್ಟು ಭಾಗ) ಅಂಕಿಯನ್ನು ನಾನು ಪೆನ್ನಿನಿಂದ ಹೊಡೆದುಹಾಕಿದ್ದೇನೆ.

ಸಂಡೂರಿನ ಕಬ್ಬಿಣದ ಅದಿರು ತರುವವರಿಗೆ ಈ ತಾಪತ್ರಯ ಕಮ್ಮಿ. ಗೋಥೈಟ್, ಹೆಮಟೈಟ್ ಎರಡೂ ಆ ಅದಿರಿನ ಖನಿಜಗಳು. ಗೋಥೈಟಿನ ತೂಕದಲ್ಲಿ ಶೇಕಡಾ 10ರಷ್ಟು ನೀರೇ, ಹೆಮಟೈಟಿನಲ್ಲಿ ಇಲ್ಲ. 890, 795ರ ಗೋಥೈಟ್ ಗೆರೆಗಳನ್ನು ಇವರು ನಿದ್ದೆಯಲ್ಲೂ ಗುರುತಿಸುತ್ತಾರೆ.

ಸ್ಯಾಂಪಲ್ಲಿಗೆ 600 ರೂಪಾಯಿ, ಹಲ್ಲೆಗೆ ಬೇರೆ. ಎರಡನೇ ಸಲ ಓಡಿಸಿದ್ದಕ್ಕೆ ದುಡ್ಡು ತಗೊಳ್ಳಲಿಲ್ಲ, ಚಹಾನೂ ಕುಡಿಸಿದರು. ಲ್ಯಾಬಿಗೆ ನನ್ನ ಅಂಕ 5ಕ್ಕೆ 3. ದೀಪಾವಳಿ ಕಳೆದ ಮೇಲೆ ಕೊಪ್ಪಳದ ಗ್ರಾನೈಟ್ ಒಯ್ಯುತ್ತೇನೆ, ಜೊತೆಗೆ ಅಸಿಟೋನ್ ಬಾಟಲಿ.